ಮಗು ಹೇಳುವ ಕಥೆಯಲ್ಲಿ ದೊಡ್ಡವರ ದನಿ ಇರಬಹುದೇ?

ಪರ: ಅನುಭವ ಮಗುವಿನದು, ಮಾತು ಲೇಖಕನದು

ಮಕ್ಕಳಿಗೆ ಕಾಣುವುದು ಹೆಚ್ಚು, ಹೇಳಲು ಬರುವುದು ಕಡಿಮೆ. ಹೆನ್ರಿ ಜೇಮ್ಸ್ ‘ವಾಟ್ ಮೇಸಿ ನ್ಯೂ’ (1897) ಬರೆದದ್ದು ಈ ಅಂತರವನ್ನು ನಂಬಿ. ವಿಚ್ಛೇದನವಾದ ಅಪ್ಪ ಅಮ್ಮ ಒಬ್ಬರನ್ನೊಬ್ಬರು ಬೈದುಕೊಳ್ಳುವುದು ಪುಟ್ಟ ಮಗಳು ಮೇಸಿಯ ಬಾಯಲ್ಲಿ. ಒಂದು ಹಂತದಲ್ಲಿ ಅವಳು ಏನನ್ನೂ ಮುಟ್ಟಿಸದೆ ಸುಮ್ಮನಾಗುತ್ತಾಳೆ. ಪೆದ್ದಿ ಅನ್ನಿಸಿಕೊಂಡಾಗ ಒಳಗೊಳಗೇ ಹಿಗ್ಗುತ್ತಾಳೆ. ಆ ಹಿಗ್ಗು ಅವಳದೇ, ಆದರೆ ಅದನ್ನು ಬಿಡಿಸಿ ಹೇಳುವ ಶಬ್ದ ಅವಳ ಹತ್ತಿರ ಇಲ್ಲ. ಅವಳಿಗೆ ಗೊತ್ತಿದ್ದ ಪದಗಳಷ್ಟೇ ಸಾಕು ಎಂದಿದ್ದರೆ ಅವಳ ಜಾಣತನವೇ ಕಾದಂಬರಿಯಿಂದ ಬಿದ್ದುಹೋಗುತ್ತಿತ್ತು.

ಡಿಕನ್ಸ್‌ನ ‘ಗ್ರೇಟ್ ಎಕ್ಸ್‌ಪೆಕ್ಟೇಶನ್ಸ್’ (1860–61) ಮೊದಲ ಪುಟದಲ್ಲಿ ಪಿಪ್ ಅಪ್ಪನ ಗೋರಿಕಲ್ಲಿನ ಅಕ್ಷರಗಳ ಆಕಾರ ನೋಡಿ, ಅಪ್ಪ ದಪ್ಪಗೆ, ಕಪ್ಪಗೆ, ಗುಂಗುರು ಕೂದಲಿನವನಾಗಿದ್ದಿರಬೇಕು ಎಂದುಕೊಳ್ಳುತ್ತಾನೆ. ಊಹೆ ಮಗುವಿನದು, ಅದು ವಿಚಿತ್ರವೆಂದು ಗುರುತಿಸುವುದು ಬೆಳೆದ ಪಿಪ್. ಇಬ್ಬರಲ್ಲಿ ಒಬ್ಬನನ್ನು ತೆಗೆದರೂ ಆ ಪುಟ ಸಪ್ಪೆ.

ಕೆಡುವುದು ಎಲ್ಲಿ ಅನ್ನುವುದನ್ನು ಪೆನ್ಸಿಲ್ ಹಿಡಿದೇ ಪತ್ತೆ ಮಾಡಬಹುದು. ಒಂದು ಪುಟದಲ್ಲಿ ಮಗು ಕಂಡದ್ದು, ಕೇಳಿದ್ದು, ಮುಟ್ಟಿದ್ದರ ಕೆಳಗೆ ಗೆರೆ ಎಳೆಯಿರಿ. ಗೆರೆಯಿಲ್ಲದ ಸಾಲುಗಳೇ ಪುಟ ತುಂಬಿದ್ದರೆ ಅದು ಬಾಲ್ಯವಲ್ಲ, ಬಾಲ್ಯದ ಮೇಲಿನ ಭಾಷಣ. ತಪ್ಪು ಆ ಲೇಖಕನದು, ವಿಧಾನದ್ದಲ್ಲ.

ವಿರೋಧ: ಓದುಗರ ಪಾಲನ್ನು ಕಸಿಯಬೇಡಿ

ಗೆರೆ ಎಳೆದು ಪ್ರಮಾಣ ನೋಡಿದರೆ ಸಾಲದು. ತಪ್ಪಾದ ಜಾಗದಲ್ಲಿ ಬಿದ್ದ ಒಂದೇ ವಾಕ್ಯ ಇಡೀ ಪ್ರಸಂಗವನ್ನು ಕೊಲ್ಲುತ್ತದೆ. ಹಾರ್ಪರ್ ಲೀಯ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ (1960) ನೋಡಿ. ಕೈದಿಯೊಬ್ಬನನ್ನು ಕೊಲ್ಲಲೆಂದು ಜೈಲಿನ ಮುಂದೆ ನೆರೆದ ಗುಂಪಿನಲ್ಲಿ ಪುಟ್ಟ ಹುಡುಗಿ ಸ್ಕೌಟ್ ಪರಿಚಯದ ಮುಖವೊಂದನ್ನು ಕಂಡು, ಅವನ ಮಗನ ಬಗ್ಗೆ ಮಾತಾಡಿಸುತ್ತಾಳೆ. ಗುಂಪು ಕರಗುತ್ತದೆ. ಕಥೆ ಹೇಳುತ್ತಿರುವವಳು ಬೆಳೆದ ಹೆಂಗಸೇ, ಆದರೂ ಆ ಗಳಿಗೆಯಲ್ಲಿ ಅರ್ಥ ಬಿಡಿಸುವುದಿಲ್ಲ. ಅದು ಬರುವುದು ಮರುದಿನ, ಅಪ್ಪನ ಬಾಯಿಂದ. ಅಷ್ಟು ಹೊತ್ತು ಆ ಭಾರವನ್ನು ನಾವು ಹೊತ್ತಿರುತ್ತೇವೆ.

ಹಾಗೆಂದು ತೊದಲು ಬರೆಯುವುದೂ ಬೇಡ. ಮೂರು ಪುಟಕ್ಕೆ ಬೇಸರ ಬರುತ್ತದೆ. ಮಗುವಿನ ದನಿ ಇರುವುದು ಉಚ್ಚಾರದಲ್ಲಲ್ಲ, ವ್ಯಾಕರಣದಲ್ಲಿ. ಎಮ್ಮಾ ಡಾನಹ್ಯೂ ಅವರ ‘ರೂಮ್’ (2010) ಕಾದಂಬರಿಯ ಐದು ವರ್ಷದ ಜ್ಯಾಕ್‌ಗೆ ಮಂಚ, ಬೀರು ಎಲ್ಲವೂ ಹೆಸರುಳ್ಳ ಜೀವಗಳು. ಇಂಗ್ಲಿಷಿನಲ್ಲಿ ಅದು ದೊಡ್ಡಕ್ಷರದಿಂದ ಸಾಧ್ಯ. ದೊಡ್ಡಕ್ಷರವಿಲ್ಲದ ಕನ್ನಡದಲ್ಲಿ ‘ಮಂಚಕ್ಕೆ’ ಅನ್ನದೆ ‘ಮಂಚನಿಗೆ’ ಅಂದರೆ ಸಾಕು.

ಇಂಗ್ಲಿಷಿನಲ್ಲಿಲ್ಲದ ಇನ್ನೊಂದು ಸಲಕರಣೆಯೂ ನಮ್ಮಲ್ಲಿದೆ: ‘ಅಂತೆ’. ಈ ಎರಡು ಸಾಲು ನೋಡಿ: ‘ಅಕ್ಕ ಊರಿಗೆ ಹೋಗಿದ್ದಾಳಂತೆ. ಅವಳ ಚಪ್ಪಲಿ ಬಾವಿಕಟ್ಟೆ ಹತ್ತಿರವೇ ಇದೆ.’ ಮನೆಯವರು ಹೇಳಿದ ಸುಳ್ಳು, ಮಗು ಅದನ್ನು ನಂಬಿದ್ದು, ನಮಗೆ ಗೊತ್ತಾಗಿಹೋದದ್ದು, ಮೂರೂ ಅಲ್ಲಿವೆ. ಈಗ ಅದರ ಮುಂದೆ ‘ಆಗ ನನಗೆ ತಿಳಿದಿರಲಿಲ್ಲ’ ಎಂದು ಸೇರಿಸಿ ಓದಿ. ಚಪ್ಪಲಿ ಬರೀ ಚಪ್ಪಲಿಯಾಗುತ್ತದೆ.