ಹತ್ತೂ ಮುಕ್ಕಾಲರ ನಿದ್ರಾ ಸುತ್ತೋಲೆ

ಬೇಸಿಗೆ ರಜೆ ಶುರುವಾದ ಮೂರನೆಯ ದಿನ ಮಗಳ ಶಾಲೆಯಿಂದ ವಾಟ್ಸ್‌ಆ್ಯಪ್‌ಗೆ ಸುತ್ತೋಲೆ ಬಂತು. ರಜೆಯಲ್ಲೂ ಮಕ್ಕಳನ್ನು ರಾತ್ರಿ ಒಂಬತ್ತಕ್ಕೇ ಮಲಗಿಸತಕ್ಕದ್ದು, ಅದಕ್ಕೆ ಒಂದು ಗಂಟೆ ಮೊದಲೇ ಟಿ.ವಿ., ಮೊಬೈಲ್ ಬಂದ್ ಮಾಡತಕ್ಕದ್ದು. ಈ ಅಪ್ಪಣೆ ಹೊರಟಾಗ ರಾತ್ರಿ ಹತ್ತೂ ಮುಕ್ಕಾಲು. ಆಗಷ್ಟೇ ಜೋಂಪು ಹತ್ತಿದ್ದ ಮಗಳು ‘ಟಿಂಗ್’ ಸದ್ದಿಗೆ ಎದ್ದು ಕುಳಿತು, “ಯಾರಪ್ಪಾ ಅದು?” ಎಂದಳು. “ನಿಮ್ಮ ಶಾಲೆಯವರು. ನೀನು ಮಲಗಿದೆಯೋ ಇಲ್ಲವೋ ಎಂದು ವಿಚಾರಿಸುತ್ತಿದ್ದಾರೆ” ಎಂದೆ. ಅಷ್ಟರಲ್ಲಿ ಗುಂಪಿನ ಪೋಷಕರು ಒಬ್ಬೊಬ್ಬರಾಗಿ ಕೈಮುಗಿಯುವ ಚಿತ್ರ ಕಳಿಸತೊಡಗಿದರು. ಟಿಂಗ್, ಟಿಂಗ್, ಟಿಂಗ್. ಎಂಥ ವಿಧೇಯ ಜನ! ಒಬ್ಬರೂ ಮಲಗಿರಲಿಲ್ಲ.

ಸುತ್ತೋಲೆಯ ವಿಜ್ಞಾನದಲ್ಲಿ ತಪ್ಪೇನೂ ಇಲ್ಲ. ಆರರಿಂದ ಹನ್ನೆರಡು ವರ್ಷದ ಮಗುವಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು ಎಂದು ನಿದ್ರಾತಜ್ಞರು ಹೇಳುತ್ತಾರೆ. ರಜೆಯಲ್ಲಿ ಹೊತ್ತುಗೊತ್ತು ತಪ್ಪಿದರೆ ಜೂನ್ ಮೊದಲ ವಾರ ಪ್ರತಿ ಮನೆಯಲ್ಲೂ ಒಂದು ಕುಂಭಕರ್ಣ ಪ್ರಸಂಗ. ಎಲ್ಲವನ್ನೂ ಒಪ್ಪುತ್ತೇನೆ. ಆದರೆ ಬೆಂಗಳೂರಿನಲ್ಲಿ ಒಂಬತ್ತು ಗಂಟೆಯೆಂದರೆ ರಾತ್ರಿ ಎಂದು ಇವರಿಗೆ ಹೇಳಿದವರು ಯಾರು?

ಐಪಿಎಲ್ ಪಂದ್ಯ ಶುರುವಾಗುವುದೇ ಏಳೂವರೆಗೆ. ಒಂಬತ್ತಕ್ಕೆ ಒಂದು ಇನಿಂಗ್ಸ್ ಕೂಡ ಮುಗಿದಿರುವುದಿಲ್ಲ. 2025ರಲ್ಲಿ ಆರ್‌ಸಿಬಿ ಹದಿನೆಂಟನೆಯ ಪ್ರಯತ್ನಕ್ಕೆ ಕಪ್ಪು ಗೆದ್ದಾಗ ಹನ್ನೊಂದು ದಾಟಿತ್ತು, ನಮ್ಮ ಬೀದಿಯ ಪಟಾಕಿ ನಿಂತಾಗ ಒಂದೂವರೆ. ಹುಟ್ಟಿದಾಗಿನಿಂದ ಆ ಕಪ್ಪಿಗಾಗಿ ಕಾದ ಮಕ್ಕಳನ್ನು ಹಾಲು ಕುಡಿಸಿ ಮಲಗಿಸಬೇಕಿತ್ತೇನೋ. ಇನ್ನು ಧ್ವನಿವರ್ಧಕ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಅದು ಬಾಯಿ ಮುಚ್ಚಿಕೊಂಡಿರಬೇಕು. ನಮ್ಮ ಪಕ್ಕದ ಕಲ್ಯಾಣ ಮಂಟಪದವರು ಕಾನೂನಿಗೆ ತಲೆಬಾಗುವವರು. ಹತ್ತಕ್ಕೆ ಸರಿಯಾಗಿ ಧ್ವನಿವರ್ಧಕ ನಿಲ್ಲಿಸಿ ತಮಟೆ ಶುರು ಮಾಡುತ್ತಾರೆ. ಹನ್ನೊಂದಕ್ಕೆ ನೀರಿನ ಟ್ಯಾಂಕರ್. ಅದು ಹಿಂದಕ್ಕೆ ಚಲಿಸುವಾಗ ಹಾಡುವ ರಾಗಕ್ಕೆ ಮೂರು ಬೀದಿಯ ನಾಯಿಗಳು ಹಿಮ್ಮೇಳ.

ಸುತ್ತೋಲೆಯ ಕೊನೆಯಲ್ಲಿ “ನಿಮ್ಮ ಬಾಲ್ಯದ ಶಿಸ್ತನ್ನು ಸ್ಮರಿಸಿಕೊಳ್ಳಿ” ಎಂದೊಂದು ಸಾಲಿತ್ತು. ಸ್ಮರಿಸಿಕೊಂಡೆ. ನನ್ನ ಬೇಸಿಗೆ ರಜೆಗಳೆಲ್ಲ ಕಳೆದದ್ದು ದಕ್ಷಿಣ ಕನ್ನಡದ ಕಿನ್ನಿಗೋಳಿಯ ಹತ್ತಿರದ ಅಜ್ಜಿಮನೆಯಲ್ಲಿ. ಕೊಯ್ಲಾದ ಗದ್ದೆಯಲ್ಲಿ ಯಕ್ಷಗಾನ ಬಯಲಾಟ. ಕಂಕುಳಲ್ಲಿ ಚಾಪೆ ಸುತ್ತಿಕೊಂಡು ಹೋಗಿ ರಂಗಸ್ಥಳದ ಎದುರಿಗೇ ಹಾಸುತ್ತಿದ್ದೆವು. ಹನ್ನೊಂದಕ್ಕೆಲ್ಲ ಒಬ್ಬರ ಕಾಲ ಮೇಲೊಬ್ಬರು ಬಿದ್ದು ನಿದ್ದೆ. ನಡುರಾತ್ರಿ ದಾಟಿದ ಮೇಲೆ ಮಹಿಷಾಸುರ ಪ್ರೇಕ್ಷಕರ ಬೆನ್ನ ಹಿಂದಿನಿಂದ, ದೊಂದಿಗೆ ರಾಳ ಎರಚಿಕೊಂಡು, ಆರ್ಭಟಿಸುತ್ತಾ ಬರುವ ಹೊತ್ತಿಗೆ ಅಜ್ಜಿ ತೊಡೆ ಚಿವುಟಿ ಎಬ್ಬಿಸುತ್ತಿದ್ದರು. ನಾವು ಕಣ್ಣು ಬಿಟ್ಟರೆ ಎರಡು ಅಡಿ ದೂರದಲ್ಲಿ ಕೋಣನ ಕೊಂಬು! ಚಡ್ಡಿ ಒದ್ದೆಯಾದವರ ಹೆಸರು ಇಲ್ಲಿ ಬೇಡ. ಬೆಳಗ್ಗೆ ಮನೆಗೆ ಬಂದು ಜಗಲಿಯ ಮೇಲೆ ಬಿದ್ದರೆ ಏಳುತ್ತಿದ್ದದ್ದು ಊಟದ ಹೊತ್ತಿಗೆ. ಮೇ ಕೊನೆಗೆ, ಆಟದ ಋತು ಮುಗಿಯುವ ಪತ್ತನಾಜೆಯ ದಿನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆಯೇ ನಮ್ಮ ರಾತ್ರಿಗಳು ಮತ್ತೆ ರಾತ್ರಿಗಳಾಗುತ್ತಿದ್ದದ್ದು. ಈಗ ಎಷ್ಟೋ ಮೇಳಗಳ ಆಟ ಕಾಲಮಿತಿಗೆ ಬಂದಿದೆ. ಮಹಿಷಾಸುರನೇ ಹೊತ್ತಿಗೆ ಸರಿಯಾಗಿ ಸತ್ತು, ಬಣ್ಣ ತೊಳೆದು ಮಲಗುತ್ತಿದ್ದಾನೆ. ಬೆಂಗಳೂರಿನ ಮೂರನೆಯ ತರಗತಿ ‘ಬಿ’ ವಿಭಾಗಕ್ಕೆ ಮಾತ್ರ ಆಗುತ್ತಿಲ್ಲ.

ನಿದ್ದೆಯ ಮೇಲೆ ನಮ್ಮ ವ್ಯವಸ್ಥೆಗಿರುವ ಪ್ರೀತಿಯೇನು ಸಾಮಾನ್ಯವೇ? ಮಹಾರಾಷ್ಟ್ರದವರು 2024ರಲ್ಲಿ, ಮಕ್ಕಳಿಗೆ ನಿದ್ದೆ ಸಾಲುತ್ತಿಲ್ಲವೆಂದು, ನಾಲ್ಕನೆಯ ತರಗತಿಯವರೆಗೆ ಬೆಳಗ್ಗೆ ಒಂಬತ್ತಕ್ಕಿಂತ ಮೊದಲು ಶಾಲೆ ಬೇಡ ಎಂದು ಆದೇಶಿಸಿದರು. ಪಾಪ, ದೂರದೃಷ್ಟಿ ಇಲ್ಲದವರು. ನಮ್ಮಲ್ಲಿ 2023ರಲ್ಲಿ ಚರ್ಚೆ ನಡೆದದ್ದು, ಬೆಂಗಳೂರಿನ ವಾಹನ ದಟ್ಟಣೆ ಕರಗಿಸಲು ಶಾಲೆಗಳನ್ನು ಇನ್ನೂ ಬೇಗ ತೆರೆಯಬಹುದೇ ಎಂದು. ಮೇಲ್ಸೇತುವೆ, ಸುರಂಗ ಇವೆಲ್ಲಕ್ಕಿಂತ ಅಗ್ಗದ ಉಪಾಯ: ಎಂಟು ವರ್ಷದ ಮಗುವಿನ ಅರ್ಧ ಗಂಟೆ ನಿದ್ದೆ. ಟೆಂಡರ್ ಬೇಡ, ಭೂಸ್ವಾಧೀನ ಬೇಡ. ಶಾಲೆಗಳೂ ಪೋಷಕರೂ ಒಪ್ಪದೆ ಅದು ಅಲ್ಲಿಗೇ ನಿಂತಿತು. ಮಗಳ ವ್ಯಾನು ಆರೂ ಮುಕ್ಕಾಲಿಗೇ ಬರುತ್ತದೆ, ಅದು ಬೇರೆ ಮಾತು.

ಒಂಬತ್ತಕ್ಕೆ ಮಗು ಮಲಗಬೇಕಾದರೆ ಎಂಟಕ್ಕೆ ಊಟವಾಗಬೇಕು. ಎಂಟಕ್ಕೆ ಊಟವಾಗಬೇಕಾದರೆ ಏಳಕ್ಕೆ ಅಡುಗೆಮನೆಯಲ್ಲಿ ಯಾರಾದರೂ ಇರಬೇಕು. ಏಳಕ್ಕೆ ನಾನು ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಬ್ರೇಕ್ ತುಳಿದುಕೊಂಡು ಕುಳಿತಿರುತ್ತೇನೆ. ನನ್ನ ಹೆಂಡತಿ ಇನ್ನೂ ಕಚೇರಿಯ ಲಿಫ್ಟ್ ಇಳಿದಿರುವುದಿಲ್ಲ. ನಮ್ಮದಾದರೂ ಬಾಗಿಲು ಹಾಕಿಕೊಳ್ಳಬಹುದಾದ ಕೋಣೆ. ನಮ್ಮ ಕಟ್ಟಡದ ಕಾವಲುಗಾರನ ಸಂಸಾರ ಇರುವುದು ಮೆಟ್ಟಿಲ ಕೆಳಗೆ, ನೀರಿನ ಮೋಟಾರಿನ ಪಕ್ಕ. ಹನ್ನೊಂದಕ್ಕೆ ಟ್ಯಾಂಕರ್ ಬಂದರೆ ಅಪ್ಪ ಎದ್ದು ನೀರಿನ ಸಂಪ್‌ಗೆ ಪೈಪ್ ಬಿಡಬೇಕು, ಏಳು ವರ್ಷದ ಹುಡುಗ ಟಾರ್ಚ್ ಹಿಡಿಯಬೇಕು. ಅವನಿಗೆ ಯಾವ ಸುತ್ತೋಲೆ ಕಳಿಸುತ್ತೀರಿ? ಕಚೇರಿಗೆ, ಕಲ್ಯಾಣ ಮಂಟಪಕ್ಕೆ, ಟ್ಯಾಂಕರಿನವನಿಗೆ ಇಷ್ಟು ಗಂಟೆಗೆ ಮುಗಿಸಿ ಎಂದು ಹೇಳುವ ಧೈರ್ಯ ಯಾರಿಗೂ ಇಲ್ಲ. ಹೇಳಿದರೆ ಕೇಳಬೇಕಾದವರು ಅಮ್ಮಂದಿರು ಮಾತ್ರ. ಸಾಕಾಗಿದೆ.

ಸುತ್ತೋಲೆಯ ಜೊತೆಗೆ ಒಂದು ನಿದ್ರಾ ತಖ್ತೆಯೂ ಇತ್ತು. ಬಣ್ಣದ ಪ್ರಿಂಟ್ ಕಡ್ಡಾಯ. ಮಲಗಿದ ಸಮಯ, ಎದ್ದ ಸಮಯ, ತಡವಾಗಿದ್ದಲ್ಲಿ ಕಾರಣ, ಪೋಷಕರ ಸಹಿ. ಶಾಲೆ ತೆರೆದ ದಿನ ಒಪ್ಪಿಸಬೇಕು. ಕೊನೆಯ ರಾತ್ರಿ ಮೂರು ಬಣ್ಣದ ಪೆನ್ನಿನಲ್ಲಿ ಎಲ್ಲವನ್ನೂ ಒಂದೇ ಬೀಸಿಗೆ ತುಂಬಿದರಾಯಿತು ಎಂದುಕೊಂಡಿದ್ದೆ. ನಿನ್ನೆ ತೆಗೆದು ನೋಡಿದರೆ ಮಗಳೇ ದಿನಾ ತುಂಬುತ್ತಾ ಬಂದಿದ್ದಾಳೆ. ಕಾರಣದ ಅಂಕಣದ ಮೊದಲ ಸಾಲಿನಲ್ಲಿ, ಗುಂಡಾದ ಅಕ್ಷರದಲ್ಲಿ, “ಅಪ್ಪ ಬಂದಿರಲಿಲ್ಲ”. ಅದರ ಕೆಳಗೆ ಪುಟದ ತುದಿಯವರೆಗೂ ಎರಡೆರಡು ಪುಟ್ಟ ಗೀಟುಗಳು, ‘ಮೇಲಿನಂತೆಯೇ’ ಎಂದು.

ಎಲ್ಲ ಸಾಲಿಗೂ ಸಹಿ ಹಾಕಿದೆ. ಆಗ ಗಂಟೆ ಹನ್ನೊಂದೂ ಕಾಲು.