ಹೆಲ್ಮೆಟ್ಟಿಗೊಂದು ಮೇಜು

ನಮ್ಮ ಬಡಾವಣೆಯ ದರ್ಶಿನಿಯಲ್ಲಿ ಇಡ್ಲಿ-ವಡೆಗೇನೂ ಬರವಿಲ್ಲ. ಬರವಿರುವುದು ತಟ್ಟೆ ಇಟ್ಟುಕೊಳ್ಳಲು ಬೇಕಾದ ಒಂದು ಗೇಣು ಜಾಗಕ್ಕೆ. ಇಂದು ಬೆಳಿಗ್ಗೆ ಟೋಕನ್ ಕೊಟ್ಟು, ಅಂಚಿನವರೆಗೂ ಸಾಂಬಾರ್ ತುಳುಕುತ್ತಿದ್ದ ತಟ್ಟೆಯನ್ನು ಎರಡು ಕೈಯಲ್ಲೂ ಹಿಡಿದು ತಿರುಗಿದರೆ, ಎದೆಮಟ್ಟದ ದುಂಡು ಮೇಜಿನ ಅರ್ಧವನ್ನು ಒಂದು ಹೆಲ್ಮೆಟ್ಟು ಆಕ್ರಮಿಸಿಕೊಂಡಿತ್ತು. ಅದರ ಮಾಲೀಕರು ಕಾಫಿ ಮುಗಿಸಿ ಬಹಳ ಹೊತ್ತಾಗಿತ್ತೆಂಬುದಕ್ಕೆ ಲೋಟದಲ್ಲಿ ಒಣಗಿ ಅಂಟಿದ್ದ ನೊರೆಯೇ ಸಾಕ್ಷಿಯಾಗಿತ್ತು. ಅವರು ಫೋನಿನಲ್ಲಿ ಯಾರಿಗೋ "ಆಗಲೇ ಹೊರಟೆ ಸಾರ್, ದಾರಿಯಲ್ಲೇ ಇದ್ದೇನೆ" ಎಂದು ಭರವಸೆ ಕೊಡುತ್ತಿದ್ದರು.

ನಾನು ಕೆಮ್ಮಿದೆ. ಅವರು ನನ್ನತ್ತ ನೋಡಿ, ದೊಡ್ಡ ಮನಸ್ಸು ಮಾಡಿ ಹೆಲ್ಮೆಟ್ಟನ್ನು ಎತ್ತಿದರು. ಅದರೊಳಗಿದ್ದ ಕೈಗವಸುಗಳನ್ನು ತೆಗೆದು ಉಳಿದರ್ಧ ಮೇಜಿನ ಮೇಲೆ ಹರಡಿದರು. ಬಳಿಕ ಹೆಲ್ಮೆಟ್ಟನ್ನು ಇದ್ದಲ್ಲೇ ಪ್ರತಿಷ್ಠಾಪಿಸಿದರು. ನೈವೇದ್ಯ ಹಿಡಿದು ನಿಂತ ಭಕ್ತನಂತೆ ನಾನು ಅದರೆದುರು ನಿಂತೇ ಇದ್ದೆ, ಸಾಂಬಾರ್ ಮಾತ್ರ ನನಗೆ ಕಾಯದೆ ಅಂಗಿಯ ತೋಳಿನೊಳಗೆ ಇಳಿಯಿತು.

1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಆರಂಭವಾದಾಗ ಕುರ್ಚಿಗಳನ್ನು ಕೈಬಿಟ್ಟದ್ದರ ಹಿಂದೆ ಒಂದು ಲೆಕ್ಕಾಚಾರವಿತ್ತು: ನಿಂತು ತಿನ್ನುವವರು ಬೇಗ ಜಾಗ ಬಿಡುತ್ತಾರೆ, ಆದ್ದರಿಂದ ಚಿಕ್ಕ ಮಳಿಗೆಯಲ್ಲೇ ಹೆಚ್ಚು ಜನರಿಗೆ ಕಡಿಮೆ ಬೆಲೆಯಲ್ಲಿ ತಿಂಡಿ ಕೊಡಬಹುದು. ಕೈಯಲ್ಲೊಂದು ಫೋನಿದ್ದರೆ ಮನುಷ್ಯ ನಿಂತಲ್ಲೇ ಸಂಸಾರ ಹೂಡಬಲ್ಲನೆಂಬುದು ಆ ಲೆಕ್ಕದಲ್ಲಿ ಸೇರಿರಲಿಲ್ಲ. ಗಾಂಧಿ ಬಜಾರಿನಲ್ಲಿ 1943ರಿಂದ ನಡೆಯುತ್ತಿರುವ ವಿದ್ಯಾರ್ಥಿ ಭವನದಲ್ಲಿ ಕುರ್ಚಿಗಳಿದ್ದರೂ, ಗುರುತಿಲ್ಲದವರ ಎದುರು ಕೂತು ತಿನ್ನುವುದು ಅಲ್ಲಿಯ ವಾಡಿಕೆ. ತೋಳಿನ ಮೇಲೆ ದೋಸೆ ತಟ್ಟೆಗಳನ್ನು ಪೇರಿಸಿಕೊಂಡು ಸಪ್ಲೈಯರ್ ಬಂದರೆ ಎಲ್ಲರೂ ಹೇಳಿಸಿಕೊಳ್ಳದೆಯೇ ಮೊಣಕೈ ಒಳಗೆಳೆದುಕೊಳ್ಳುತ್ತಾರೆ. ನಮ್ಮ ದರ್ಶಿನಿಯ ಮೇಜಿನಲ್ಲೂ ಹಿಂದೆ ಹೀಗೆಯೇ ಇತ್ತು. "ಕೆಂಪು ಚಟ್ನಿ ಹಾಕಿಸಿಕೊಳ್ಳಿ, ಇವತ್ತು ಚೆನ್ನಾಗಿದೆ" ಎಂದು ಶುರುವಾದ ಮಾತು ಕಾಫಿ ಆರುವುದರೊಳಗೆ ಮಗಳ ಮದುವೆಯವರೆಗೆ ಹೋಗುತ್ತಿತ್ತು. ಅಷ್ಟಾದರೂ ಯಾರೂ ಯಾರ ಹೆಸರನ್ನೂ ಕೇಳುತ್ತಿರಲಿಲ್ಲ. ಆ ಮದುವೆಗಳೆಲ್ಲ ಆದವೋ ಇಲ್ಲವೋ ಎಂದು ನನಗೆ ಈಗಲೂ ಒಮ್ಮೊಮ್ಮೆ ಅನ್ನಿಸುವುದುಂಟು.

ಕೊನೆಗೆ ಕೈ ತೊಳೆಯುವ ಜಾಗದ ಪಕ್ಕದ ಕಟ್ಟೆಯಲ್ಲಿ ಬೈ-ಟೂ ಕಾಫಿ ಹಂಚಿಕೊಳ್ಳುತ್ತಿದ್ದ ಹಿರಿಯರಿಬ್ಬರು ಸರಿದು ಜಾಗ ಮಾಡಿಕೊಟ್ಟರು. "ಬನ್ನಿ ಸ್ವಾಮಿ, ಇಲ್ಲಿ ಯಾರೂ ಹೆಚ್ಚು ಹೊತ್ತು ನಿಲ್ಲೋದಿಲ್ಲ, ಕೈ ತೊಳೆದವರೆಲ್ಲ ನಮ್ಮ ಮೇಲೇ ನೀರು ಕೊಡವಿ ಹೋಗ್ತಾರೆ" ಎಂದು ಅವರಲ್ಲೊಬ್ಬರು ಆ ಸ್ಥಳದ ಗುಣದೋಷಗಳೆರಡನ್ನೂ ಒಂದೇ ಉಸಿರಿನಲ್ಲಿ ತಿಳಿಸಿ, ಸಾಂಬಾರಿಗೆ ಇವತ್ತು ಬೆಲ್ಲ ಜಾಸ್ತಿಯಾಗಿದೆಯಲ್ಲವೇ ಎಂದು ನನ್ನ ಅಭಿಪ್ರಾಯ ಕೇಳಿದರು. ಜಾಸ್ತಿಯೇ ಆಗಿತ್ತು.