ಸಾಲದ ಕೇಸು ವಾಪಸ್ ತೆಗೆದರೆ ಮತ್ತೆ ಹಾಕಬಹುದಾ? ಒಂದು ಸ್ಪಷ್ಟನೆ

‘ಸಾಲ ವಸೂಲಿಗೆ ಹಾಕಿದ ಸಿವಿಲ್ ದಾವೆಯನ್ನು ವಾಪಸ್ ತೆಗೆದರೂ ಚಿಂತೆಯಿಲ್ಲ, ಯಾವಾಗ ಬೇಕಾದರೂ ಮತ್ತೆ ಹಾಕಬಹುದು’ ಎಂಬ ಮೆಸೇಜ್ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿದೆ. ಇದು ಅರ್ಧ ಸತ್ಯ. ನಂಬಿದರೆ ದುಡ್ಡು ಹೋದಂತೆಯೇ.

ವಾಪಸ್ ತೆಗೆಯಬಹುದು, ನಿಜ. ಆದರೆ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 23, ನಿಯಮ 1 ನೋಡಿ. ಹೊಸ ದಾವೆ ಹಾಕಲು ಕೋರ್ಟಿನ ಅನುಮತಿ ಪಡೆಯದೆ ಹಿಂಪಡೆದರೆ, ಅದೇ ಸಾಲಕ್ಕೆ ಮತ್ತೆ ದಾವೆ ಹಾಕುವಂತಿಲ್ಲ. ‘ದಾವೆ ಹಿಂಪಡೆಯುತ್ತೇನೆ’ ಅಂತ ಒಂದು ಸಾಲಿನ ಮೆಮೊಗೆ ಸುಮ್ನೆ ಸಹಿ ಹಾಕಿಬಿಡುತ್ತಾರಲ್ಲ, ಎಡವಟ್ಟಾಗುವುದು ಅಲ್ಲೇ. ಅನುಮತಿಯೂ ಕೇಳಿದವರಿಗೆಲ್ಲ ಸಿಗುವುದಿಲ್ಲ. ದಾವೆಯಲ್ಲಿ ತಾಂತ್ರಿಕ ದೋಷವೋ ಬೇರೆ ತಕ್ಕ ಕಾರಣವೋ ಇರಬೇಕು.

ಅನುಮತಿ ಸಿಕ್ಕರೂ ಗಡಿಯಾರ ನಿಲ್ಲುವುದಿಲ್ಲ. ಕೈಸಾಲದ ವಸೂಲಿಗೆ ದಾವೆ ಹಾಕಲು ಸಾಮಾನ್ಯವಾಗಿ 3 ವರ್ಷದ ಗಡುವು. ಮೊದಲ ದಾವೆ ಹಾಕಿಯೇ ಇರಲಿಲ್ಲ ಎಂಬಂತೆ ಲೆಕ್ಕ ಹಿಡಿಯುತ್ತಾರೆ.

‘ಕೇಸು ವಾಪಸ್ ತಗೊಳ್ಳಿ, ಮುಂದಿನ ತಿಂಗಳು ಕೊಡ್ತೀನಿ’ ಎಂದು ಸಾಲಗಾರ ಹೇಳಿದರೆ? ರಾಜಿಯಾಗಿ, ಬೇಡ ಅನ್ನುವುದಿಲ್ಲ. ಅದನ್ನು ಬರೆದು, ಇಬ್ಬರೂ ಸಹಿ ಹಾಕಿ, ಕೋರ್ಟಿಗೆ ಕೊಟ್ಟು ಡಿಕ್ರಿ (ಕೋರ್ಟಿನ ತೀರ್ಪಿನ ಆದೇಶ) ಮಾಡಿಸಿಕೊಳ್ಳಿ. ಆಗ ಆತ ಕೊಡದಿದ್ದರೆ ಹೊಸ ದಾವೆ ಬೇಕಿಲ್ಲ, ಡಿಕ್ರಿ ಜಾರಿಗೆ ಅರ್ಜಿ ಹಾಕಿದರಾಯಿತು.